ಚಿನ್ನದ ಗಣಿಯ ಊರಿನಲ್ಲಿ ಕಡಲಿನ ಮಾತು

ಬೆಂಗಳೂರಿನಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ನೀವು ಎಂದಾದರೂ ಬಂಗಾರಪೇಟೆ ದಾಟಿದ್ದೀರಾ? ದೊಡ್ಡ ಹಳಿ ಚೆನ್ನೈ ಕಡೆಗೆ ಹೊರಟುಹೋಗುತ್ತದೆ. ನಮ್ಮ ರೈಲು ಮಾತ್ರ ಪಕ್ಕಕ್ಕೆ ಹೊರಳಿ ಕೋರಮಂಡಲ, ಊರ್ಗಾಂ, ಚಾಂಪಿಯನ್ ಎಂದು ನಿಂತು ನಿಂತು ಸಾಗಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಅದರಾಚೆ ಹಳಿಯಿಲ್ಲ. 1894ರಲ್ಲಿ ಈ ಹಳಿ ಹಾಕಿದ್ದೇ ಚಿನ್ನದ ಗಣಿಗಳಿಗಾಗಿ. ಕಿಟಕಿಯಾಚೆ ಹುಲ್ಲು ಕೂಡ ಸರಿಯಾಗಿ ಬೆಳೆಯದ ಬೂದು ದಿಬ್ಬಗಳು ಕಾಣುತ್ತವೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣು ಅದು. ಊರವರು ಸೈನೈಡ್ ಗುಡ್ಡ ಎನ್ನುತ್ತಾರೆ. ಗಾಳಿ ಬೀಸಿದ ದಿನ ಒಣಹಾಕಿದ ಬಟ್ಟೆಯನ್ನು ಮತ್ತೊಮ್ಮೆ ಒಗೆಯಬೇಕು.

ನನ್ನ ಅಕ್ಕನ ಮನೆ ಬಂಗಾರಪೇಟೆಯಲ್ಲಿ. ಅಬ್ಬಾ ಗಣಿಯಲ್ಲಿ ದುಡಿದವರು. ಕಳೆದ ಡಿಸೆಂಬರ್‌ನಲ್ಲಿ ಅಕ್ಕನ ಹಿರಿಯ ಮಗ ಜಿದ್ದಾದಿಂದ ರಜೆಗೆ ಬಂದಿದ್ದ. ಅಲ್ಲಿನ ಕೆಂಪು ಸಮುದ್ರದಲ್ಲಿ ಸ್ಕೂಬಾ ಕಲಿತಿದ್ದ, ಕಾರ್ಡು ಕೂಡ ಸಿಕ್ಕಿತ್ತು. ಫೋನಿನಲ್ಲಿ ಬಣ್ಣಬಣ್ಣದ ಮೀನುಗಳನ್ನು ತೋರಿಸಿ ಮನೆಯವರೆಲ್ಲರ ಬಾಯಿ ಮುಚ್ಚಿಸಿದ್ದ. ಈಗ ತಮ್ಮನನ್ನು ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಕರೆದೊಯ್ಯುವ ಯೋಜನೆ. ಅಲ್ಲಿ ಹಣ ಕೊಟ್ಟರೆ ತರಬೇತುದಾರರೇ ಕೈಹಿಡಿದು ಇಳಿಸುತ್ತಾರೆ. ಆದರೆ ಇವನಿಗೆ ಅದು ಬೇಡ. "ಅವರು ಅರ್ಧ ಗಂಟೆಯಲ್ಲಿ ಮೇಲೆ ತಂದುಬಿಡುತ್ತಾರೆ ಖಾಲಾ. ಗೆಳೆಯನ ಬಳಿ ಎರಡು ಸಿಲಿಂಡರ್ ಇದೆ. ದೋಣಿ ಗೊತ್ತುಮಾಡಿ ನಾನೇ ಕರೆದೊಯ್ಯುತ್ತೇನೆ. ಅವನಿಗೆ ಈಜು ಬರುತ್ತದಲ್ಲ!"

ಈಜು ಬರುತ್ತದೆ, ನಿಜ. ಊರ ಕೆರೆಯಲ್ಲಿ ಕಲಿತದ್ದು. ಅಕ್ಕನಿಗೆ ಮನಸ್ಸಿರಲಿಲ್ಲ, ಆದರೆ ಏನೆಂದು ವಾದಿಸುವುದು? ಸಮುದ್ರದ ವಿಷಯ ನಮಗೇನು ಗೊತ್ತು?

ಮರುದಿನ ನಾವೆಲ್ಲ ಊರ್ಗಾಂಗೆ ಹೋದೆವು. ಅಬ್ಬಾನ ಹಳೆಯ ಜೊತೆಗಾರರೊಬ್ಬರು ಅಲ್ಲಿನ ಗಣಿ ಲೈನಿನ ಮನೆಯಲ್ಲೇ ಇದ್ದಾರೆ. ನಮ್ಮ ಮಕ್ಕಳಿಗೆ ಅವರು ತಾತ. ಗಣಿಯ ರಕ್ಷಣಾ ದಳದಲ್ಲಿದ್ದವರು. ಒಳಗೆ ಬಂಡೆ ಸಿಡಿದಾಗ, ಬೆಂಕಿ ಬಿದ್ದಾಗ ಬೆನ್ನಿಗೆ ಉಸಿರಾಟದ ಯಂತ್ರ ಕಟ್ಟಿಕೊಂಡು ಇಳಿಯುತ್ತಿದ್ದವರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಲ್ಲಿ ಬಂಡೆಯೇ ಕಾದ ಹಂಚಿನಂತೆ ಇರುತ್ತಿತ್ತಂತೆ. ಮೇಲಿನಿಂದ ಗಾಳಿ ಕಳಿಸಿದರಷ್ಟೇ ಮನುಷ್ಯ ಬದುಕಬಹುದಾದ ಜಾಗ.

ಹುಡುಗ ಅವರಿಗೂ ಮೀನಿನ ಚಿತ್ರ ತೋರಿಸಿದ. ತಾತ ಮೀನು ನೋಡಲಿಲ್ಲ, ಬೆನ್ನಿನ ಸಿಲಿಂಡರ್ ನೋಡಿದರು. ಎಷ್ಟು ಹೊತ್ತು ಬರುತ್ತದೆ, ಮುಳ್ಳು ಎಲ್ಲಿಗೆ ಬಂದಾಗ ತಿರುಗುತ್ತೀರಿ ಎಂದೆಲ್ಲ ಕೇಳಿದರು. ಹುಡುಗ ಚೆನ್ನಾಗಿಯೇ ಉತ್ತರಿಸಿದ.

"ಕೆಳಗೆ ಏನಾದರೂ ಆದರೆ ತಮ್ಮ ಏನು ಮಾಡುತ್ತಾನೆ?"

"ನಾನು ಇದ್ದೇನಲ್ಲ ತಾತ, ಅವನನ್ನು ನೋಡಿಕೊಳ್ಳುತ್ತೇನೆ."

"ಅವನಿಗೆ ಆದರೆ ಅಲ್ಲಪ್ಪಾ. ನಿನಗೆ ಆದರೆ?"

ಅವನು ಮಾತಾಡಲಿಲ್ಲ. ನಾವು ಹೆಂಗಸರು ಕೂಡ ಅಷ್ಟು ಹೊತ್ತೂ ಚಿಕ್ಕವನ ಬಗ್ಗೆಯೇ ಹೆದರಿದ್ದೆವು. ಕಾರ್ಡು ಇರುವವನ ಪ್ರಾಣ ಕಾರ್ಡು ಇಲ್ಲದವನ ಕೈಯಲ್ಲಿ ಇರುತ್ತದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ತಾತ ತಮ್ಮ ಕಾಲದ ಕಟ್ಟಳೆ ಹೇಳಿದರು. ದಳವೆಂದರೆ ಐದಾರು ಮಂದಿ. ಇಳಿಯುವ ಮೊದಲು ಒಬ್ಬರ ಯಂತ್ರವನ್ನು ಇನ್ನೊಬ್ಬರು ಪರೀಕ್ಷಿಸಬೇಕು. ಒಳಗೆ ಒಬ್ಬನ ಯಂತ್ರ ಕೆಟ್ಟರೂ ಎಲ್ಲರೂ ವಾಪಸ್. ಕೆಳಗೆ ಬಿದ್ದವನು ಸ್ವಂತ ತಮ್ಮನಾದರೂ ತರಬೇತಿ ಇಲ್ಲದವನನ್ನು ಒಳಗೆ ಬಿಡುತ್ತಿರಲಿಲ್ಲ. "ಅಳುತ್ತಾ ಬರುತ್ತಾರೆ, ಕಾಲು ಹಿಡಿಯುತ್ತಾರೆ. ಬಿಟ್ಟರೆ ಒಂದು ಹೆಣ ಹೊರತರಲು ಹೋಗಿ ಎರಡು ತರಬೇಕು" ಎಂದರು.

ಈ ಮಾತು ಹಳೆಯದಾಯಿತು ಎನ್ನುವಂತಿಲ್ಲ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಗಾಳಿ ಕಳಿಸುವವರಿಲ್ಲ, ನೀರೆತ್ತುವವರಿಲ್ಲ. ಆಳದ ಸುರಂಗಗಳಲ್ಲಿ ನೀರು ತುಂಬಿತು. ಉಳಿದ ಕಡೆ ಕೊಳೆಯುವ ಮರ, ತುಕ್ಕು ಹಿಡಿಯುವ ಕಬ್ಬಿಣ ಗಾಳಿಯಲ್ಲಿನ ಆಮ್ಲಜನಕವನ್ನು ನುಂಗುತ್ತಲೇ ಇರುತ್ತವೆ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 21ರಷ್ಟು ಆಮ್ಲಜನಕವಿದೆ. ಅದು 10ಕ್ಕಿಂತ ಕೆಳಗಿಳಿದರೆ ಪ್ರಜ್ಞೆ ತಪ್ಪುತ್ತದೆ. ವಾಸನೆಯಿಲ್ಲ, ಕೆಮ್ಮಿಲ್ಲ, ಮುನ್ಸೂಚನೆಯಿಲ್ಲ. 2020ರ ಮೇ ತಿಂಗಳಲ್ಲಿ ಮಾರಿಕುಪ್ಪಂನಲ್ಲಿ ಮುಚ್ಚಿದ ಗಣಿಯೊಳಗೆ ಕಳ್ಳತನಕ್ಕೆಂದು ಇಳಿದವರಲ್ಲಿ ಮೂವರು ಉಸಿರುಗಟ್ಟಿ ಸತ್ತರು. ನೀವು ಊರು ನೋಡಲು ಹೋದರೆ ಗಣಿಯ ಹಳೆಯ ಕಬ್ಬಿಣದ ಗೋಪುರಗಳನ್ನು ದೂರದಿಂದ ನೋಡಿ, ಸಾಕು. ಬೇಲಿ ಹಾರಿ ಒಳಹೊಕ್ಕು ವಿಡಿಯೋ ಮಾಡಿಕೊಳ್ಳುವ ಹುಡುಗರನ್ನು ಕಂಡರೆ ನನಗಂತೂ ಕೆನ್ನೆಗೆ ಬಾರಿಸಬೇಕೆನಿಸುತ್ತದೆ.

ಗಣಿಗೂ ಕಡಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಂಟು ಹಳೆಯದು. ಇಂಗ್ಲೆಂಡಿನ ಹೆನ್ರಿ ಫ್ಲೂಸ್ ತಯಾರಿಸಿದ ಉಸಿರಾಟದ ಯಂತ್ರವನ್ನು 1880ರಲ್ಲಿ ನೀರು ನುಗ್ಗಿದ್ದ ಸೆವರ್ನ್ ರೈಲು ಸುರಂಗದೊಳಗೆ ಒಬ್ಬ ಮುಳುಗುಗಾರ ಕಟ್ಟಿಕೊಂಡು ಹೋಗಿದ್ದ. ಅದೇ ಯಂತ್ರ ಕಲ್ಲಿದ್ದಲು ಗಣಿಯ ರಕ್ಷಣೆಗೂ ಬಳಕೆಯಾಯಿತು. ಗಣಿಯ ವಿಷಗಾಳಿ ಪತ್ತೆಗೆ ಪುಟ್ಟ ಹಕ್ಕಿಗಳನ್ನು ಒಯ್ಯಿರಿ ಎಂದು ಸೂಚಿಸಿದ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಅವರೇ, ಮುಳುಗುಗಾರರು ಆಳದಿಂದ ಹೇಗೆ ನಿಧಾನವಾಗಿ ಮೇಲೇರಬೇಕು ಎಂಬ ಲೆಕ್ಕವನ್ನು 1908ರಲ್ಲಿ ಪ್ರಕಟಿಸಿದರು.

ಆ ಮೇಲೇರುವುದರಲ್ಲೇ ಅಪಾಯವಿದೆ. ನೀರಿನಲ್ಲಿ 10 ಮೀಟರ್ ಕೆಳಗೆ ಒತ್ತಡ ನೆಲದ ಮೇಲಿನದರ ಎರಡರಷ್ಟು. ಅಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಾಗ ಹಿಗ್ಗಿ ಎರಡರಷ್ಟಾಗುತ್ತದೆ. ಉಸಿರು ಬಿಡುತ್ತಾ ಬಂದರೆ ತೊಂದರೆಯಿಲ್ಲ. ಬಿಗಿಹಿಡಿದರೆ ಶ್ವಾಸಕೋಶ ಹರಿಯುತ್ತದೆ. ಕೆರೆಯಲ್ಲಿ ಈಜಿದವನ ಅಭ್ಯಾಸವೇನು? ನೀರಿನಡಿ ಉಸಿರು ಬಿಗಿಹಿಡಿಯುವುದು! ಅಂದರೆ ನಾವು ಧೈರ್ಯ ಹೇಳಿಕೊಂಡಿದ್ದ ಆ ಈಜೇ ಇಲ್ಲಿ ಶತ್ರು. ಕನ್ನಡಕದೊಳಗೆ ಒಂದಿಷ್ಟು ನೀರು ಬಂದರೆ ಕಲಿತವನು ಮೂಗಿನಿಂದ ಗಾಳಿ ಊದಿ ಹೊರಹಾಕುತ್ತಾನೆ. ಕಲಿಯದವನು ಗಾಬರಿಯಿಂದ ಅದನ್ನು ಕಿತ್ತೆಸೆಯುತ್ತಾನೆ, ಪಕ್ಕದವನ ಬಾಯಿಯ ನಳಿಗೆಗೇ ಕೈಹಾಕುತ್ತಾನೆ, ಅವನನ್ನು ತಬ್ಬಿಕೊಂಡು ಮೇಲಕ್ಕೆ ನುಗ್ಗುತ್ತಾನೆ. ಅಣ್ಣನಿಗೆ ಗಾಳಿ ಮುಗಿದರೆ ತನ್ನ ಬಳಿಯ ಎರಡನೇ ನಳಿಗೆ ಕೊಡಬೇಕೆಂಬುದು ಅವನಿಗೆ ತಿಳಿದಿರುವುದಿಲ್ಲ. ಕೈಸನ್ನೆಯೂ ಅರ್ಥವಾಗುವುದಿಲ್ಲ.

ಜಿದ್ದಾದಲ್ಲಿ ಸಿಕ್ಕಿದ್ದು ಮೊದಲ ಹಂತದ ಕಾರ್ಡು. ತನ್ನಂತೆಯೇ ಕಲಿತ ಜೊತೆಗಾರನೊಂದಿಗೆ 18 ಮೀಟರ್‌ವರೆಗೆ ಇಳಿಯಲು ಅದು ಸಾಕು. ಕಲಿಯದವರನ್ನು ಕರೆದೊಯ್ಯಲು ಅದು ಪರವಾನಗಿಯಲ್ಲ. ಅವರು ತರಬೇತುದಾರನ ಜೊತೆಯಲ್ಲೇ, 12 ಮೀಟರ್ ಮೀರದಂತೆ ಇಳಿಯಬೇಕು. ಇದನ್ನು ಹುಡುಗನೇ ಬಂಗಾರಪೇಟೆಗೆ ಮರಳುವಾಗ ರೈಲಿನಲ್ಲಿ ಮೆಲ್ಲಗೆ ಹೇಳಿದ. ಮೊದಲೇ ಗೊತ್ತಿತ್ತೇ ಎಂದು ಅಕ್ಕ ಕೇಳಿದಳು. ಗೊತ್ತಿತ್ತು ಅಮ್ಮಿ ಎಂದು ಕಿಟಕಿಯಾಚೆ ನೋಡಿದ.

ಗೆಳೆಯನ ಸಿಲಿಂಡರ್‌ಗಳು ಅಲ್ಲೇ ಉಳಿದವು. ಇಬ್ಬರೂ ಜನವರಿಯಲ್ಲಿ ನೇತ್ರಾಣಿಗೆ ಹೋದರು, ತರಬೇತುದಾರರ ಜೊತೆಗೇ. ಇಳಿಯುವ ಮೊದಲು ಆರೋಗ್ಯದ ಪ್ರಶ್ನೆಗಳ ಹಾಳೆ ಕೊಟ್ಟರಂತೆ. ಚಿಕ್ಕವನಿಗೆ ಎರಡು ದಿನದಿಂದ ನೆಗಡಿ. ಮೂಗು ಕಟ್ಟಿದ್ದರೆ ಒತ್ತಡಕ್ಕೆ ಕಿವಿಯ ತಮಟೆ ಹರಿಯಬಹುದು, ಇಂದು ಇಳಿಸುವುದಿಲ್ಲ ಎಂದರು. ಎಷ್ಟು ಗೋಗರೆದರೂ ಒಪ್ಪಲಿಲ್ಲ. ಅವನು ದೋಣಿಯಲ್ಲೇ ಕುಳಿತ. ಅಲೆಗೆ ವಾಂತಿ ಬೇರೆ.

ಆ ರಾತ್ರಿ ಅಕ್ಕನಿಗೆ ಫೋನ್ ಮಾಡಿ ಅರ್ಧ ಗಂಟೆ ದೂರಿದನಂತೆ. ಅವಳು ಪೂರ್ತಿ ಕೇಳಿಸಿಕೊಂಡು, ಊಟ ಆಯಿತಾ ಎಂದು ಕೇಳಿದಳಂತೆ.