ಹೊಂಡದ ಜಾರು ದಂಡೆ

ಕುಕನೂರು ಸೀಮೆಯ ಮಸಾರಿ ಹೊಲವೊಂದರ ಕೃಷಿ ಹೊಂಡ ತುಂಬಿತ್ತು. ಮೀನುಮರಿಯೂ ಬಿಟ್ಟಿದ್ದರು. ಒಂಬತ್ತನೇ ತರಗತಿಯ ಮಗ ಗಾಳ ಹಿಡಿದು ಹೊರಟ. “ನನಗ ಈಜ ಬರ್ತೈತಲ್ಲ, ಅಪ್ಪಾ.”

ಈಜು ಬಂದರೇನು? ಮಸಾರಿಯಲ್ಲಿ ನೀರು ಇಂಗಿಹೋಗುತ್ತದೆಂದು ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಇಂಥ ಹೊಂಡಗಳು ಹೆಚ್ಚಿದವು. ಅಪ್ಪ ಮಗನ ರಟ್ಟೆ ಹಿಡಿದು, ಒದ್ದೆ ಹಾಳೆಯ ಮೇಲೆ ಅಂಗೈ ಊರಿಸಿದ. ಸರ್ರನೆ ಜಾರಿತು.

“ದಂಡಿಗೆ ಈಜಿ ಬರ್ತಿ ಖರೆ, ಮ್ಯಾಲ ಹೆಂಗ ಹತ್ತತಿ?”

ಕೆನಡಾದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಗಾಳ ಹಾಕುವವರಿಗೂ ಇದೇ ಕಷ್ಟ. ಬಿದ್ದರೆ ಮಂಜುಗಡ್ಡೆಗೆ ಚುಚ್ಚಿ ಮೇಲೇರಲೆಂದು ಹಿಡಿಯುಳ್ಳ ಎರಡು ಮೊಳೆಗಳನ್ನು ಕೊರಳಿಗೆ ತೂಗುಹಾಕಿಕೊಂಡಿರುತ್ತಾರೆ.

ಅಪ್ಪ, ಮಗ ದಂಡೆಗೆ ಗೂಟ ಬಡಿದು ನಾಲ್ಕೂ ಕಡೆ ಗಂಟಿನ ಹಗ್ಗ ಇಳಿಬಿಟ್ಟರು. ಎಸೆಯಲು ಹಗ್ಗ ಕಟ್ಟಿದ ಖಾಲಿ ಕ್ಯಾನನ್ನೂ ಇಟ್ಟರು; ಬಿದ್ದವನ ಹಿಂದೆ ಯಾರೂ ಹಾರಕೂಡದು. ಗಾಳ ನೀರಿಗಿಳಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು.