ನಾಡಿ ಎಣಿಸಲು ಬರುತ್ತದೆಯೇ?

ಮಗುವಿನ ಹಣೆ ಮುಟ್ಟಿದರೆ ಜ್ವರ ಎಷ್ಟಿದೆಯೆಂದು ಹೇಳಬಲ್ಲೆವು. ಆದರೆ ಮನೆಯ ಹಿರಿಯರ ನಾಡಿ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಎರಡು ವರ್ಷದ ಹಿಂದೆ, ಕಾಪುವಿನ ನಮ್ಮ ಮನೆಯಲ್ಲಿ ಅತ್ತೆಯವರಿಗೆ ಬೆಳಿಗ್ಗೆಯೇ ಬೆನ್ನು, ದವಡೆ ನೋವು ಬಂತು. ಮೈಯೆಲ್ಲ ತಣ್ಣನೆ ಬೆವರು. "ವಾಯು ಮಾರಾಯ್ತಿ, ಸ್ವಲ್ಪ ಜೀರಿಗೆ ಕಷಾಯ ಮಾಡು" ಅಂದರು. ಎದೆನೋವು ಇರಲೇ ಇಲ್ಲ. ಹೆಂಗಸರಿಗೆ, ಅದರಲ್ಲೂ ಸಕ್ಕರೆ ಕಾಯಿಲೆಯವರಿಗೆ, ಹೃದಯಾಘಾತ ಹೀಗೂ ಬರುತ್ತದೆಂದು ಓದಿದ್ದೆ. ಗೋಡೆ ಗಡಿಯಾರ ನೋಡುತ್ತಾ ಕೈ ಹಿಡಿದೆ. ನಿಮಿಷಕ್ಕೆ 112! ಇವರು ತಕ್ಷಣ 108ಕ್ಕೆ ಫೋನು ಮಾಡಿದರು. ಉಡುಪಿ ದಾಟಿ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಸೇರಿದೆವು. ಇ.ಸಿ.ಜಿ.ಯಲ್ಲಿ ಹೃದಯಾಘಾತವೆಂದೇ ತಿಳಿಯಿತು. ಅಂದೇ ಸ್ಟೆಂಟ್ ಹಾಕಿದರು.

ಆಮೇಲೆ ಐ.ಸಿ.ಯು. ಹಾಸಿಗೆಯ ಪಕ್ಕದ ಪರದೆಯಲ್ಲಿ ಓಡುವ ಅಂಕಿಯೇ ನಮಗೆ ದೇವರಾಯಿತು. ಕಾರ್ಕಳದಿಂದ ನಾದಿನಿ ದಿನಕ್ಕೆ ನಾಲ್ಕು ಸಲ ಕೇಳುವಳು: "ಅತ್ತಿಗೆ, ಅಮ್ಮನ ನಂಬರ್ ಎಷ್ಟುಂಟು?" 104, ಮರುದಿನ 96, ಮತ್ತೆ 82. ಅವಳ ದನಿಯೂ ಹಾಗೇ ಇಳಿಯುತ್ತಾ ಬಂತು.

ಈ ಅಂಕಿಗೆ ಇಷ್ಟು ಬೆಲೆ ಯಾಕೆ? ವೈದ್ಯರು ಚೆನ್ನಾಗಿ ಬಿಡಿಸಿ ಹೇಳಿದರು. ಹೃದಯ ತನ್ನ ಹೊಟ್ಟೆಗೆ ಬೇಕಾದ ರಕ್ತವನ್ನು ಹೆಚ್ಚಾಗಿ ಪಡೆಯುವುದು ಎರಡು ಬಡಿತಗಳ ನಡುವಿನ ವಿರಾಮದಲ್ಲಿ. ಬಡಿತ ಜೋರಾದರೆ ಕೆಲಸ ಹೆಚ್ಚು, ವಿರಾಮ ಕಡಿಮೆ. ಊಟಕ್ಕೂ ಕೂರದೆ ದುಡಿಯುವ ನಮ್ಮ ಹಾಗೆಯೇ ಅನ್ನಿ! ಜೊತೆಗೆ, ಪೆಟ್ಟು ತಿಂದ ಹೃದಯ ಒಂದು ಸಲಕ್ಕೆ ಸಾಕಷ್ಟು ರಕ್ತ ತಳ್ಳಲಾರದೆ ಬೇಗ ಬೇಗ ಬಡಿಯುತ್ತದೆ. ಆದ್ದರಿಂದ ವೇಗದ ನಾಡಿ ಅಪಾಯದ ಕಾರಣವೂ ಹೌದು, ಗುರುತೂ ಹೌದು.

ಇಟಲಿಯಲ್ಲಿ ಹೃದಯಾಘಾತವಾದವರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಆಸ್ಪತ್ರೆಗೆ ಬಂದಾಗ ನಾಡಿ 60ಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ ಸುಮಾರು 7 ಮಂದಿ ಅಲ್ಲೇ ತೀರಿಕೊಂಡರೆ, 100ಕ್ಕಿಂತ ಹೆಚ್ಚಿದ್ದವರಲ್ಲಿ ಸುಮಾರು 23 ಮಂದಿ. ಹಾಗೆಂದು ಅಂಕಿಯೇ ಹಣೆಬರಹವಲ್ಲ. ನಮ್ಮ ಅತ್ತೆ 112ರಲ್ಲಿ ಹೋಗಿ ನಡೆದುಕೊಂಡೇ ಮನೆಗೆ ಬಂದರು.

ಮನೆಗೆ ಬಂದ ಮೇಲೆ ಇನ್ನೊಂದು ಪರೀಕ್ಷೆ. ನಾಡಿ ನಿಧಾನ ಮಾಡುವ ಮೆಟೊಪ್ರೊಲಾಲ್ ಮಾತ್ರೆಯಿಂದ ಸುಸ್ತೆಂದು "ನಾಳೆಯಿಂದ ಇದು ಬೇಡ" ಎಂದು ಹಟ ಹಿಡಿದರು. ಇಂಥ ಮಾತ್ರೆ ಥಟ್ಟನೆ ನಿಲ್ಲಿಸಿದರೆ ನಾಡಿ ಮತ್ತೆ ಏರಿ ಅಪಾಯವಾದೀತು. ವೈದ್ಯರನ್ನೇ ಕೇಳಿದೆವು. ಪ್ರಮಾಣ ಇಳಿಸಿಕೊಟ್ಟರು, ಸುಸ್ತೂ ಹೋಯಿತು. ಗಂಜಿಯ ಜೊತೆಗಿನ ಉಪ್ಪಿನಕಾಯಿ ಮಾತ್ರ ಬಿಡಬೇಕಾಯಿತು. ಆ ಸಿಟ್ಟು ನನ್ನ ಮೇಲೆ ಇನ್ನೂ ಇದೆ!

ಸೋದರಿಯರೇ, ಎಣಿಸುವುದು ಸುಲಭ. ಐದು ನಿಮಿಷ ಕೂರಿಸಿ, ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಡಿ. ನಿಮ್ಮ ಹೆಬ್ಬೆರಳು ಬೇಡ, ಅದಕ್ಕೂ ನಾಡಿಯಿದೆ. ಪೂರ್ತಿ ಒಂದು ನಿಮಿಷ ಎಣಿಸಿ. ದೊಡ್ಡವರಲ್ಲಿ ಸಾಮಾನ್ಯವಾಗಿ 60ರಿಂದ 100. ಆದರೆ ತಣ್ಣನೆ ಬೆವರು, ಉಬ್ಬಸ, ಎದೆ ಅಥವಾ ದವಡೆ ನೋವು ಕಂಡರೆ ನಾಡಿ ಎಷ್ಟೇ ಇರಲಿ, ಕಷಾಯ ಕುದಿಸುತ್ತಾ ಕೂರಬೇಡಿ. ಮೊದಲು ಆಸ್ಪತ್ರೆ.