ಪಿಸ್ಟನ್ ಮೇಲಿನ 50

ನಮ್ಮ ಮನೆಯ ಯೆಜ್ಡಿ ಬೈಕು ನನಗಿಂತ ವಯಸ್ಸಿನಲ್ಲಿ ದೊಡ್ಡದು. ಬನಹಟ್ಟಿಯ ಸೀರೆಗಳ ಗಂಟು ಕಟ್ಟಿಕೊಂಡು ದಾದಾ ಅದರ ಮೇಲೆಯೇ ಮುಧೋಳ, ಬೀಳಗಿಯ ಸಂತೆಗಳಿಗೆ ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಬೈಕು ಹಿತ್ತಲಲ್ಲಿ ನಿಂತುಬಿಟ್ಟಿತು. ಕಿಕ್ ಒತ್ತಿದರೆ ಕೆಳಗೆ ಇಳಿಯುತ್ತಿರಲಿಲ್ಲ. ಈ ರಜೆಯಲ್ಲಿ ಅಬ್ಬಾ ಅದನ್ನು ಗುಜರಿಗೆ ಹಾಕುವ ಮಾತು ಎತ್ತಿದರು. ಜಮಖಂಡಿಯಲ್ಲಿ ಗ್ಯಾರೇಜ್ ಇಟ್ಟಿರುವ ಮಾಮು ಮಾತ್ರ, "ದುಲ್ಹಾಭಾಯಿ, ಮೊದಲು ಪಿಸ್ಟನ್ ಹೊರಗೆ ತೆಗೆದು ನೋಡೋಣ. ಆಮೇಲೆ ನೀವು ಹೇಳಿದ ಹಾಗೆ" ಎಂದರು.

ಯೆಜ್ಡಿ ನಮ್ಮ ರಾಜ್ಯದ್ದೇ ಬೈಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳು ಬಂದವು, ಆದರೆ ಅವು ಫೋರ್ ಸ್ಟ್ರೋಕ್. ನಮ್ಮದು ಟೂ ಸ್ಟ್ರೋಕ್; ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಸೈಲೆನ್ಸರ್ ಎರಡಿದ್ದರೂ ಸಿಲಿಂಡರ್ ಒಂದೇ, ಪಿಸ್ಟನ್ ಒಂದೇ. ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಲೆಕ್ಕ ಹಾಕಿ ನೋಡಿ, ಸುಮಾರು 249 ಸಿ.ಸಿ. ಬರುತ್ತದೆ. ಇದರಲ್ಲಿ ವಾಲ್ವ್ ಇಲ್ಲ. ಹೊಗೆ ಹೊರಗೆ ಹೋಗುವ ಕಿಂಡಿಗಳನ್ನು ಪಿಸ್ಟನ್ನೇ ತೆರೆಯುತ್ತದೆ, ಮುಚ್ಚುತ್ತದೆ. ಎಂಜಿನ್ ಹೇಗೆ ಬಾಳಿದೆ ಎಂಬುದು ಪಿಸ್ಟನ್ನಿನ ಮೈ ನೋಡಿದರೆ ಗೊತ್ತಾಗುತ್ತದೆ.

ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆವು. ಒಳಗೆ ಪಿಸ್ಟನ್ ಜಾಮ್ ಆಗಿತ್ತು. ಮನೆಯಲ್ಲಿ ನಮ್ಮ ಮಾತು ಉರ್ದು, ಗ್ಯಾರೇಜಿನಲ್ಲಿ ಕನ್ನಡ. "ಜೋರ್ ಹೊಡದ್ರ ಕನೆಕ್ಟಿಂಗ್ ರಾಡೂ ಹೋಗತೈತಿ, ಬೇರಿಂಗೂ ಹೋಗತೈತಿ. ಅವಸರ ಮಾಡಬ್ಯಾಡ" ಎಂದರು ಮಾಮು. ಡೀಸೆಲ್ಲಿಗೆ ಆಯಿಲ್ ಬೆರೆಸಿ ಪಿಸ್ಟನ್ ಮೇಲೆ ಸುರಿದು ನಾಲ್ಕು ದಿನ ಬಿಟ್ಟೆವು. ಐದನೆಯ ದಿನ ಕಟ್ಟಿಗೆ ತುಂಡು ಇಟ್ಟು ಮೆಲ್ಲಗೆ ತಟ್ಟಿದಾಗ ಕೂದಲೆಳೆಯಷ್ಟು ಅಲುಗಿತು.

ಸಿಲಿಂಡರ್ ಮೇಲಕ್ಕೆತ್ತುತ್ತಲೇ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಬೇಕು. ಗಜನ್ ಪಿನ್ನನ್ನು ಹಿಡಿದಿರುವ ಲಾಕ್ ಚಿಕ್ಕ ಸ್ಪ್ರಿಂಗ್ ತಂತಿ. ಹಾರಿ ಒಳಗೆ ಬಿದ್ದರೆ ಇಡೀ ಎಂಜಿನ್ ಬಿಚ್ಚುವ ಕೆಲಸ. ಲಾಕ್ ತೆಗೆದು, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಪಿಸ್ಟನ್ನಿಗೆ ಸುತ್ತಿದೆವು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಪಿನ್ ಸಡಿಲಾಗುತ್ತದೆ. ರಾಡ್ ಬಾಗದಂತೆ ನಾನು ಆ ಕಡೆಯಿಂದ ಅಂಗೈ ಆನಿಸಿ ಹಿಡಿದೆ, ಮಾಮು ಈ ಕಡೆಯಿಂದ ಪಿನ್ ಒತ್ತಿದರು. ಪಿಸ್ಟನ್ ನನ್ನ ಕೈಗೆ ಬಂತು.

ತಲೆಯ ಮೇಲಿನ ಮಸಿಯನ್ನು ಕೆರೆದಾಗ ಬಾಣದ ಗುರುತು ಕಂಡಿತು. ಮರಳಿ ಜೋಡಿಸುವಾಗ ಅದು ಸೈಲೆನ್ಸರ್ ಪೈಪಿನ ಕಡೆ ಇರಬೇಕಂತೆ. ಅದರ ಪಕ್ಕದಲ್ಲಿ 50 ಎಂದು ಒತ್ತಿತ್ತು. ಅಂದರೆ ಸಿಲಿಂಡರ್ ಸವೆದಾಗ ದಾದಾ ಅದನ್ನು ಬೋರ್ ಮಾಡಿಸಿ, ಅರ್ಧ ಮಿ.ಮೀ. ದೊಡ್ಡ ಪಿಸ್ಟನ್ ಹಾಕಿಸಿದ್ದರು. ಅಬ್ಬಾ ಅದನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತರು. ಆಮೇಲೆ ಗ್ಯಾರೇಜು ಎಂಬುದನ್ನೂ ಮರೆತು ಉರ್ದುವಿನಲ್ಲಿ ಹೇಳಿದರು: "ಒಂದು ವರ್ಷ ಈದ್‌ಗೆ ನಮಗೆಲ್ಲ ಹೊಸ ಬಟ್ಟೆ ಬಂತು, ಅಬ್ಬಾಜಾನ್ ಮಾತ್ರ ಹಳೆಯದನ್ನೇ ಹಾಕಿಕೊಂಡರು. ಎಂಜಿನ್ ಮಾಡಿಸಿದ ವರ್ಷ ಅದೇ."

ಲೇಥ್ ಅಂಗಡಿಯಲ್ಲಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಅಳೆದರು. ತುಕ್ಕು ಆಳಕ್ಕೆ ಇಳಿದಿಲ್ಲ. ಇನ್ನೊಂದು ಸೈಜಿಗೆ ಬೋರ್ ಮಾಡಲು ಜಾಗವಿದೆ. ಆದರೆ ಖರ್ಚು ಗುಜರಿ ಬೆಲೆಗಿಂತ ಹೆಚ್ಚು. ಅಕೌಂಟೆನ್ಸಿಯಲ್ಲಿ ನಾವು ಓದಿದ್ದೇವೆ: ಸಾಮಾನ್ಯ ರಿಪೇರಿ ರಾಜಸ್ವ ವೆಚ್ಚ, ಯಂತ್ರದ ಆಯುಷ್ಯ ಹೆಚ್ಚಿಸುವ ಖರ್ಚು ಬಂಡವಾಳ ವೆಚ್ಚ. ಸವಕಳಿ ಕಳೆದು ಲೆಕ್ಕದ ಪುಸ್ತಕದಲ್ಲಿ ಸೊನ್ನೆಯಾದ ಯಂತ್ರವೂ ಓಡಬಲ್ಲದು. ಇದನ್ನು ಅಬ್ಬಾಗೆ ಹೇಳಿದೆ. ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ಮೊದಲು ಪಿಸ್ಟನ್ ಕೈಗೆ ಬರಬೇಕು, ಆಮೇಲೆ ಅದರ ಅಳತೆಗೆ ಸಿಲಿಂಡರ್ ಬೋರ್ ಮಾಡಬೇಕು ಎಂದು ಲೇಥಿನವರು ಹೇಳಿದ್ದಾರೆ. ಈಗ ಆ ಪಿಸ್ಟನ್ನಿಗಾಗಿ ಊರೂರಿಗೆ ಫೋನ್ ಮಾಡಿ ಕೇಳುತ್ತಿರುವವರು ಅಬ್ಬಾನೇ.